ನೋವು ಹೋಯಿತು ಅಂತ ಹಲ್ಲನ್ನು ಮರೆಯಬೇಡಿ

"ಈಗ ನೋವೇನಿಲ್ಲ ಡಾಕ್ಟ್ರೇ, ಪರೀಕ್ಷೆ ಮುಗೀಲಿ, ಕರ್ಕೊಂಡ್ ಬರ್ತೀವಿ." ಬಿದ್ದು ಮುಂದಿನ ಹಲ್ಲಿಗೆ ಏಟು ಮಾಡಿಕೊಂಡ ಮಕ್ಕಳ ಮನೆಯಿಂದ, ಬೇರಿನ ಚಿಕಿತ್ಸೆಯ ಮೊದಲ ಸಿಟಿಂಗ್ ಆದ ಮೇಲೆ ತಪ್ಪದೆ ಬರುವ ಮಾತಿದು. ಸ್ವಾಮಿ, ತಿರುಳು (ಹಲ್ಲಿನೊಳಗಿನ ನರ, ರಕ್ತನಾಳಗಳಿರುವ ಮೆತ್ತನೆಯ ಭಾಗ) ಸತ್ತ ಹಲ್ಲು ಎಷ್ಟೋ ಸಲ ನೋಯುವುದೇ ಇಲ್ಲ. ಒಸಡಿನ ಮೇಲೆ ಸಣ್ಣ ಗುಳ್ಳೆಯೆದ್ದು ಕೀವು ಸೋರುತ್ತಿದ್ದರಂತೂ ಮಗು ಆರಾಮಾಗಿ ಕಡಲೆ ಕಡಿದುಕೊಂಡಿರುತ್ತದೆ.

ಮೇಲಿನ ಮುಂದಿನ ಹಲ್ಲು 7–8ನೇ ವಯಸ್ಸಿಗೆ ಹುಟ್ಟುತ್ತದೆ. ಬೇರು ಪೂರ್ತಿಯಾಗಲು ಅಲ್ಲಿಂದ ಇನ್ನೂ ಸುಮಾರು 3 ವರ್ಷ ಬೇಕು. ಅಷ್ಟರಲ್ಲಿ ತಿರುಳು ಸತ್ತರೆ ಬೇರು ಇದ್ದಲ್ಲೇ ನಿಲ್ಲುತ್ತದೆ, ಗೋಡೆ ತೆಳು, ತುದಿ ಅಗಲವಾಗಿ ತೆರೆದೇ ಇರುತ್ತದೆ. ಎಂಟಿಎ ಎಂಬ ಹಲ್ಲಿನ ಸಿಮೆಂಟ್‌ನಿಂದ ತುದಿ ಮುಚ್ಚಬಹುದು, ಆದರೆ ಗೋಡೆ ದಪ್ಪಗಾಗುವುದಿಲ್ಲ. ಮುಂದೆ ಒಸಡಿನ ಮಟ್ಟದಲ್ಲಿ ಮುರಿಯುವ ಭಯ ಉಳಿದೇ ಇರುತ್ತದೆ. ರೀಜನರೇಟಿವ್ ಚಿಕಿತ್ಸೆಗೆ, ಅಂದರೆ ಹಲ್ಲಿನೊಳಗೆ ಮತ್ತೆ ಜೀವಂತ ಅಂಗಾಂಶ ಬೆಳೆಸುವ ಚಿಕಿತ್ಸೆಗೆ, ಕೈ ಹಾಕುವುದು ಬೇರು ಬೆಳೆದೀತು ಎಂಬ ಆಸೆಯಿಂದ.

ಮೊದಲ ಸಿಟಿಂಗ್‌ನಲ್ಲಿ ಫೈಲ್ (ಬೇರಿನೊಳಗೆ ಕೆರೆಯುವ ತೆಳು ಉಪಕರಣ) ಹಾಕಿ ಕೆರೆಯುವುದಿಲ್ಲ, ಇರುವ ಗೋಡೆಯೇ ತೆಳು. ಸೋಂಕು ತೊಳೆಯಲು 1.5% ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 20 ಮಿ.ಲೀ., ಸೂಜಿಯನ್ನು ಬೇರಿನ ತುದಿಗಿಂತ 1 ಮಿ.ಮೀ. ಹಿಂದೆ ನಿಲ್ಲಿಸಿ, 5 ನಿಮಿಷ ನಿಧಾನವಾಗಿ. ದ್ರಾವಣದ ಖಾರ ಹೆಚ್ಚಾದರೆ ತುದಿಯಾಚೆಯ ಕಾಂಡಕೋಶಗಳೇ (ಹೊಸ ಅಂಗಾಂಶ ಕಟ್ಟುವ ಸ್ಟೆಮ್ ಸೆಲ್‌ಗಳೇ) ಸಾಯುತ್ತವೆ. ಆಮೇಲೆ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಇಟ್ಟು ತಾತ್ಕಾಲಿಕ ಸಿಮೆಂಟ್. ಮತ್ತೆ ಬರಬೇಕಾದ್ದು 1ರಿಂದ 4 ವಾರದೊಳಗೆ. ನೋವು ಹೋಗುವುದು ಸರಿಯಾಗಿ ಈ ಹೊತ್ತಿನಲ್ಲೇ, ಜನ ಮರೆಯುವುದೂ ಈಗಲೇ. ತಿಂಗಳುಗಟ್ಟಲೆ ಬಿಟ್ಟರೆ ಸಿಮೆಂಟ್ ಸವೆದು ಎಂಜಲು ಒಳಗೆ ಇಳಿಯುತ್ತದೆ, ಸೋಂಕು ಮರುಕಳಿಸುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಾ ಕಾಲ ಇದ್ದರೆ ಹಲ್ಲೂ ಪೆಡಸಾಗುತ್ತದೆ.

ಎರಡನೇ ಸಿಟಿಂಗ್‌ಗೆ ಅಡ್ರಿನಲಿನ್ ಇಲ್ಲದ ಅರಿವಳಿಕೆ ಬೇಕು. ಇದ್ದರೆ ರಕ್ತನಾಳ ಕುಗ್ಗಿ ರಕ್ತವೇ ಬರುವುದಿಲ್ಲ. 17% ಇಡಿಟಿಎ ಎಂಬ ದ್ರಾವಣ 20 ಮಿ.ಲೀ. ಹಾಕಿ ತೊಳೆದು, ತುದಿ ಬಾಗಿಸಿದ ಕೆ-ಫೈಲನ್ನು ಬೇರಿನಾಚೆ 2 ಮಿ.ಮೀ. ದಾಟಿಸಿ ರಕ್ತ ಬರಿಸುತ್ತೇವೆ. ಅಪ್ಪ ಅಮ್ಮ ಗಾಬರಿಯಾಗುವುದು ಇಲ್ಲಿ. ಆ ರಕ್ತವೇ ಬೇಕು: ಕಾಂಡಕೋಶ ಅದರೊಂದಿಗೇ ಒಳಬರುತ್ತದೆ, ಹೆಪ್ಪುಗಟ್ಟಿದ ರಕ್ತ ಬಳ್ಳಿಗೆ ಹಂದರವಿದ್ದಂತೆ. ರಕ್ತದ ಮೇಲೆ ಉಳಿಸಿದ 3–4 ಮಿ.ಮೀ. ಜಾಗಕ್ಕೆ ಬಯೋಡೆಂಟಿನ್ ಎಂಬ ಸಿಮೆಂಟ್, ಅದರ ಮೇಲೆ ಕಾಯಂ ಫಿಲ್ಲಿಂಗ್. ಇಲ್ಲಿ ಬೂದು ಎಂಟಿಎ, ಮಿನೋಸೈಕ್ಲಿನ್ ಎಂಬ ಆಂಟಿಬಯೋಟಿಕ್ ಇರುವ ಪೇಸ್ಟ್ ಬೇಡ, ಎರಡೂ ಮುಂದಿನ ಹಲ್ಲನ್ನು ಕಪ್ಪಾಗಿಸುತ್ತವೆ.

ಇಷ್ಟಕ್ಕೆ ನಮ್ಮ ಕೈಕೆಲಸ ಮುಗಿಯಿತೇ ಹೊರತು ಚಿಕಿತ್ಸೆ ಮುಗಿಯಲಿಲ್ಲ. ತುದಿಯ ಸುತ್ತ ಮೂಳೆ ಕೂಡಲು 6–12 ತಿಂಗಳು ಬೇಕು. ಗೋಡೆ ದಪ್ಪಗಾಗಿದ್ದು ಎಕ್ಸ್-ರೇಯಲ್ಲಿ ಕಾಣುವುದು ಸಾಮಾನ್ಯವಾಗಿ 12–24 ತಿಂಗಳಿಗೆ. ಹಾಗಾಗಿ 6, 12, 24 ತಿಂಗಳಿಗೆ ಬನ್ನಿ, ಹಳೆಯ ಎಕ್ಸ್-ರೇ ತನ್ನಿ (ಮದುವೆ ಆಲ್ಬಂ ಜೋಪಾನ ಮಾಡುವವರು ಇದನ್ನೇಕೆ ಕಳೆಯುತ್ತಾರೋ!). ಬೇರು ಬೆಳೆದೇ ಬೆಳೆಯುತ್ತದೆ ಎಂದು ಮಾತು ಕೊಡಲಾರೆ. ಕೆಲವರಲ್ಲಿ ಸೋಂಕು ವಾಸಿಯಾದರೂ ಗೋಡೆ ಹಾಗೇ ಉಳಿಯುತ್ತದೆ. ಒಳಗೆ ತುಂಬಿಕೊಳ್ಳುವುದೂ ಹಲವು ಸಲ ನಿಜವಾದ ತಿರುಳಲ್ಲ, ಮೂಳೆಯಂಥ ಅಂಗಾಂಶ. ಸೋತರೂ ಎಂಟಿಎಯಿಂದ ತುದಿ ಮುಚ್ಚುವ ದಾರಿ ಇದ್ದೇ ಇದೆ, ಆದರೆ ಸೋತದ್ದು ಹೊತ್ತಿಗೆ ಗೊತ್ತಾಗಬೇಕು.

ಕ್ಯಾಪ್ ಈಗಲೇ ಹಾಕಿಬಿಡಿ ಎನ್ನಬೇಡಿ. ಬೆಳೆಯುವ ಮಗುವಿನ ಮುಂದಿನ ಹಲ್ಲಿಗೆ ಸದ್ಯಕ್ಕೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಸಾಕು.