ಬಾಯಿಗೆ ಹಚ್ಚುವ ಜೆಲ್ ರಕ್ತಕ್ಕೂ ಸೇರುತ್ತದೆ

ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿಕೊಂಡು ಬಂದವರಿಗೆ ಮೈಕೊನಜೋಲ್ ಎಂಬ, ಶಿಲೀಂಧ್ರ (ಫಂಗಸ್) ಸೋಂಕಿನ ಜೆಲ್ ಬರೆಯುವ ಮುನ್ನ, ಬೇರೆ ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುತ್ತೇನೆ. "ಬಾಯಿಗೆ ಹಚ್ಚುವುದಕ್ಕೂ ಅದಕ್ಕೂ ಏನು ಸಂಬಂಧ ಡಾಕ್ಟ್ರೇ?" ಎಂಬ ಮರುಪ್ರಶ್ನೆ ಎಷ್ಟೋ ವರ್ಷಗಳಿಂದ ಬರುತ್ತಲೇ ಇದೆ.

ಸಂಬಂಧವಿದೆ. ಈ ಜೆಲ್ಲನ್ನು ಬಾಯಲ್ಲಿ ಸಾಧ್ಯವಾದಷ್ಟು ಹೊತ್ತು ಇಟ್ಟುಕೊಂಡು ಕೊನೆಗೆ ನುಂಗುತ್ತೇವೆ. ಅದರ ಒಂದು ಪಾಲು ರಕ್ತಕ್ಕೆ ಸೇರಿ, ವಾರ್ಫರಿನ್ ಮತ್ತು ಅಸಿನೊಕೌಮರಾಲ್‌ನಂತಹ ರಕ್ತ ತೆಳು ಮಾಡುವ ಮಾತ್ರೆಗಳನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವವನ್ನು ತಡೆಯುತ್ತದೆ. ಆಗ ನೀವು ನುಂಗುವ ಮಾತ್ರೆ ಅಷ್ಟೇ ಇದ್ದರೂ ದೇಹದಲ್ಲಿ ಉಳಿಯುವ ಔಷಧ ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಮಾತ್ರೆಯನ್ನು ಸದ್ದಿಲ್ಲದೆ ಯಾರೋ ಎರಡರಷ್ಟು ಮಾಡಿದಂತೆ ಎಂದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಕರು 2016ರಲ್ಲೇ ಈ ಕುರಿತು ಎಚ್ಚರಿಸಿದ್ದರು. ವಾರ್ಫರಿನ್ ಸೇವಿಸುವವರು ಚೀಟಿಯಿಲ್ಲದೆ ಈ ಜೆಲ್ ಕೊಂಡು ಬಳಸಬಾರದೆಂದು 2017ರಲ್ಲಿ ಸ್ಪಷ್ಟಪಡಿಸಿದರು.

ಹೃದಯದ ಕವಾಟ ಬದಲಾಯಿಸಿಕೊಂಡಿದ್ದ ಹಿರಿಯರೊಬ್ಬರು ಒಸಡಿನ ರಕ್ತ ನಿಲ್ಲುತ್ತಿಲ್ಲವೆಂದು ನನ್ನಲ್ಲಿಗೆ ಬಂದಿದ್ದರು. ರಕ್ತ ತೆಳು ಮಾಡುವ ಮಾತ್ರೆಯ ವಿಷಯದಲ್ಲಿ ಅವರಷ್ಟು ಶಿಸ್ತಿನವರನ್ನು ನಾನು ಕಂಡಿಲ್ಲ: ಒಂದು ದಿನ ಇಡೀ ಮಾತ್ರೆ, ಮರುದಿನ ಅರ್ಧ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರುವ ಐಎನ್‌ಆರ್ ಪರೀಕ್ಷೆಯ ಪ್ರತಿ ಅಂಕಿಯೂ ಪುಟ್ಟ ಪುಸ್ತಕದಲ್ಲಿ. ಮೊಣಕೈಯ ಕೆಳಗೆ ನೇರಳೆ ಬಣ್ಣದ ಕಲೆಗಳಿದ್ದವು. ಸೊಸೆ ಕೈಚೀಲದಿಂದ ಮಾತ್ರೆಯ ಡಬ್ಬಿ ತೆಗೆದಾಗ ಅದರ ಅಡಿಯಲ್ಲಿ ಅರ್ಧ ಖಾಲಿಯಾದ ಜೆಲ್ ಟ್ಯೂಬ್ ಸಿಕ್ಕಿತು. ಅದನ್ನು ಔಷಧವೆಂದು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಂದೇ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು; ಗುಣವಾಗಿ ಮನೆಗೆ ಮರಳಿದರು ಎಂಬುದು ನನ್ನ ಪಾಲಿನ ನೆಮ್ಮದಿ.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್, ಫಿಟ್ಸ್‌ಗೆ ಫೆನಿಟಾಯಿನ್ ಸೇವಿಸುವವರೂ ಮೊದಲೇ ತಿಳಿಸಬೇಕು. ಜೆಲ್ ಬೇಡವೆಂದು ಫ್ಲುಕೊನಜೋಲ್ ಮಾತ್ರೆ ನುಂಗುವುದು ಪರಿಹಾರವಲ್ಲ, ಅದರದ್ದೂ ಇದೇ ತೊಂದರೆ. ನಿಸ್ಟಾಟಿನ್ ದ್ರಾವಣ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆಯಾದ್ದರಿಂದ ಇಂಥವರಿಗೆ ಸಾಮಾನ್ಯವಾಗಿ ಅದನ್ನೇ ಯೋಚಿಸುತ್ತೇವೆ. ಯಾವುದು ತಕ್ಕದ್ದೆಂಬುದನ್ನು ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು.

ಉಳಿದವರು ಊಟದ ನಂತರ ಹಚ್ಚಿಕೊಂಡು, ಬಿಳುಪು ಹೋದ ಮೇಲೂ ಒಂದು ವಾರ ಮುಂದುವರಿಸಬೇಕು. ಹಲ್ಲು ಸೆಟ್ಟನ್ನು ರಾತ್ರಿ ತೆಗೆದಿಡಬೇಕು. ನಾಲ್ಕು ತಿಂಗಳೊಳಗಿನ ಮಗುವಿಗೆ ಈ ಜೆಲ್ ಬೇಡ. ಅದಕ್ಕಿಂತ ದೊಡ್ಡ ಕೂಸಿಗೂ ಬೆರಳ ತುದಿಯಿಂದ ಸ್ವಲ್ಪ ಸ್ವಲ್ಪವೇ ಬಾಯಿಯ ಮುಂಭಾಗಕ್ಕೆ ಹಚ್ಚಬೇಕು, ಏಕೆಂದರೆ ಅಂಟಾದ ಈ ಜೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ಇದನ್ನು ಓದುತ್ತಿರುವಾಗಲೇ ನಿಮ್ಮ ಮನೆಯಲ್ಲಿ ಯಾರಾದರೂ ರಕ್ತ ತೆಳು ಮಾಡುವ ಮಾತ್ರೆಯ ಜೊತೆಗೆ ಈ ಜೆಲ್ ಬಳಸುತ್ತಿದ್ದರೆ ಜೆಲ್ಲನ್ನು ನಿಲ್ಲಿಸಿ, ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸದೆ ಹೃದಯದ ವೈದ್ಯರಿಗೆ ಫೋನ್ ಮಾಡಿ ಇಂದೇ ಐಎನ್‌ಆರ್ ಪರೀಕ್ಷೆ ಮಾಡಿಸಿ. ಜೆಲ್ ನಿಲ್ಲಿಸಿದ ಮೇಲೂ ಅದರ ಪ್ರಭಾವ ಕೆಲವು ದಿನ ಉಳಿಯುವುದರಿಂದ ಆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕಾಗುತ್ತದೆ.