ಕಮಾಂಡೊ ಚಾಕು: ಅಸಲಿ ಯಾವುದು, ನಕಲಿ ಯಾವುದು

ಹಳೆಯ ಸೇನಾ ಚಾಕುಗಳ ಸಂಗ್ರಹಕ್ಕೆ ಹೊಸದಾಗಿ ಇಳಿದವರು ಮೊದಲು ಹುಡುಕುವುದು ಮುದ್ರೆಯನ್ನು. ತಯಾರಕರ ಹೆಸರಿದೆಯಾ, ಬ್ರಿಟಿಷ್ ಸರ್ಕಾರದ ಸ್ವತ್ತೆಂದು ತೋರಿಸುವ ಬಾಣದ ಗುರುತಿದೆಯಾ ಅಂತ ನೋಡುತ್ತಾರೆ. ನನ್ನ ಪ್ರಕಾರ ಮುದ್ರೆಯನ್ನು ಕೊನೆಗೆ ನೋಡಬೇಕು. ನಕಲಿ ಮಾಡುವವರಿಗೆ ಎಲ್ಲಕ್ಕಿಂತ ಸುಲಭದ ಕೆಲಸ ಅದೇ. ಆ ಕಾಲದ ಸಾಣೆ, ಆ ಕಾಲದ ಲೋಹ, ಎಂಬತ್ತು ವರ್ಷಗಳ ಸವೆತ, ಇವು ಮೂರೂ ಒಂದಕ್ಕೊಂದು ಹೊಂದುವ ಹಾಗೆ ಮಾಡುವುದು ತುಂಬಾ ಕಷ್ಟ. ಇದನ್ನು ಕಲಿಯಲು ಒಂದೇ ಚಾಕುವನ್ನು ಆಯ್ದುಕೊಳ್ಳೋಣ: ಎರಡನೇ ಮಹಾಯುದ್ಧದ ಬ್ರಿಟಿಷ್ ಕಮಾಂಡೊಗಳ ಫೇರ್‌ಬೇರ್ನ್–ಸೈಕ್ಸ್ ಚಾಕು. ಸಂಗ್ರಹಕಾರರು ಇದನ್ನು ಚಿಕ್ಕದಾಗಿ ಎಫ್‌ಎಸ್ ಅಂತಾರೆ.

ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್ ಇಬ್ಬರೂ ಶಾಂಘೈ ಮುನಿಸಿಪಲ್ ಪೊಲೀಸ್ ಪಡೆಯಲ್ಲಿ ಇದ್ದವರು. 1940ರ ನವೆಂಬರ್‌ನಲ್ಲಿ ಲಂಡನ್ನಿನ ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿಯವರ ಜೊತೆ ಕೂತು ತಮ್ಮ ಕಲ್ಪನೆಯ ಚಾಕುವಿನ ಬಗ್ಗೆ ಮಾತಾಡಿದರು. 1941ರ ಜನವರಿಯಲ್ಲಿ ಮೊದಲ 50 ಚಾಕುಗಳು ತಯಾರಾದವು. ಅಲ್ಲಿಂದ ಯುದ್ಧ ಮುಗಿಯುವ ತನಕ ಬೇಡಿಕೆ ಏರುತ್ತಲೇ ಹೋಯಿತು. ಬೇಗ ಮಾಡಬೇಕು, ಕಡಿಮೆ ಖರ್ಚಲ್ಲಿ ಮಾಡಬೇಕು ಅನ್ನುವ ಒತ್ತಡ ಬಂತು. ಚಾಕುವಿನ ರೂಪ ಬದಲಾದದ್ದಕ್ಕೆ ಇದೇ ಕಾರಣ. ಹಾಗಾಗಿ ಯಾವ ಭಾಗ ಯಾವಾಗ ಬದಲಾಯಿತು ಅಂತ ಗೊತ್ತಿದ್ದರೆ ಅರ್ಧ ನಕಲಿಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಮೂರು ಮಾದರಿಗಳು

ಮೊದಲ ಮಾದರಿಯಲ್ಲಿ ಅಲಗಿನ ಬುಡ, ಅಂದರೆ ಗಾರ್ಡ್‌ಗೆ (ಅಲಗು ಮತ್ತು ಹಿಡಿಯ ನಡುವೆ ಕೈ ಮುಂದೆ ಜಾರದಂತೆ ತಡೆಯುವ ಅಡ್ಡಪಟ್ಟಿಗೆ) ತಾಗುವ ಜಾಗ, ಚಪ್ಪಟೆಯಾಗಿ ಚೌಕವಾಗಿರುತ್ತದೆ. ಗಾರ್ಡ್ ಸುಮಾರು 3 ಇಂಚು ಅಗಲ, ಎಸ್ ಅಕ್ಷರದ ಹಾಗೆ ಬಾಗಿರುತ್ತದೆ. ಹಿಡಿ ಹಿತ್ತಾಳೆಯದು, ಮೇಲೆ ನಿಕಲ್ ಲೇಪ, ಕೈ ಜಾರದಂತೆ ಸಣ್ಣ ಸಣ್ಣ ಚೌಕಳಿ. ಬುಡದ ಒಂದು ಬದಿ ಕಂಪನಿಯ ಹೆಸರು, ಇನ್ನೊಂದು ಬದಿ ‘ದಿ ಎಫ್‌–ಎಸ್ ಫೈಟಿಂಗ್ ನೈಫ್’ ಎಂಬ ಬರಹ.

1942ರ ಆಗಸ್ಟ್ ಸುಮಾರಿಗೆ ಎರಡನೇ ಮಾದರಿ ಬಂತು. ಚಪ್ಪಟೆ ಬುಡ ಹೋಯಿತು. ಅಲಗಿನ ನಡು ಏಣು, ಅಂದರೆ ಮಧ್ಯದಲ್ಲಿ ಉದ್ದಕ್ಕೂ ಎದ್ದಿರುವ ಗೆರೆ, ಮೊನೆಯಿಂದ ಗಾರ್ಡ್‌ವರೆಗೂ ನೇರ ಬಂತು. ಗಾರ್ಡ್ ನೆಟ್ಟಗಾಗಿ, 2 ಇಂಚಿಗೆ ಇಳಿಯಿತು. ಹಿಡಿ ಮಾತ್ರ ಚೌಕಳಿ ಹಿತ್ತಾಳೆಯದೇ. ಕೆಲವಕ್ಕೆ ನಿಕಲ್, ಕೆಲವಕ್ಕೆ ಕಪ್ಪು ಬಣ್ಣ.

ಮೂರನೆಯದು 1943ರ ಅಕ್ಟೋಬರ್ ಸುಮಾರಿನದು. ಯುದ್ಧಕಾಲದಲ್ಲಿ ಹಿತ್ತಾಳೆಗೆ ಬೇರೆ ಕಡೆ ಬೇಡಿಕೆ ಇತ್ತು, ಚೌಕಳಿ ಕೊರೆಯಲು ಸಮಯವೂ ಬೇಕಿತ್ತು. ಅದಕ್ಕೆ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಉಂಗುರ ಉಂಗುರವಾದ ಹಿಡಿ ಮಾಡಿದರು. ಇವತ್ತು ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವುದು ಇದೇ ಮಾದರಿ.

ಈಗ ಜೋಡಿಸಿ ನೋಡಿ. ಎಸ್ ಗಾರ್ಡ್ ಇದೆ, ಹಿಡಿ ಮಾತ್ರ ಉಂಗುರದ್ದು. ಅಥವಾ ಅಲಗು ಮೂರನೇ ಮಾದರಿಯದು, ಮೇಲೆ ಮೊದಲ ಮಾದರಿಯ ಬರಹ. ಇಂಥದ್ದನ್ನು ಕೆಳಗಿಟ್ಟು ಮುಂದೆ ಹೋಗಬಹುದು. ಆದರೆ ಒಂದು ಎಚ್ಚರ ಇರಲಿ. ಮೊದಲನೆಯ ಮತ್ತು ಎರಡನೆಯ ಮಾದರಿಗಳ ನಡುವೆ ನಿಜವಾದ ಬೆರಕೆ ಚಾಕುಗಳೂ ಇವೆ. ಉಳಿದಿದ್ದ ಬಿಡಿಭಾಗಗಳನ್ನು ಕಾರ್ಖಾನೆ ಎಸೆಯುತ್ತಿರಲಿಲ್ಲ ಅಲ್ವಾ? ಬೆರಕೆ ಕಂಡರೆ ಉಳಿದೆಲ್ಲ ಪರೀಕ್ಷೆಗಳಲ್ಲೂ ಅದು ಗೆಲ್ಲಬೇಕು. ಅಲ್ಲಿಯ ತನಕ ನಂಬಬೇಡಿ.

ಸಾಣೆ ಮತ್ತು ಲೋಹ

ನನಗೆ ಎಲ್ಲಕ್ಕಿಂತ ಇಷ್ಟದ ಪರೀಕ್ಷೆ ಅಲಗಿನ ನಡು ಏಣು. ಇವನ್ನೆಲ್ಲ ಮನುಷ್ಯರು ಕೈಯಲ್ಲಿ ಹಿಡಿದು ಸಾಣೆಗೆ ಕೊಟ್ಟಿದ್ದಾರೆ. ಚಾಕುವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಏಣಿನ ಗುಂಟ ಕಣ್ಣು ಹಾಯಿಸಿ. ಮೊದಲೆರಡು ಮಾದರಿಗಳಲ್ಲಿ ಏಣು ಚೂಪಾಗಿ, ಬಹುಪಾಲು ನೇರವಾಗಿ ಇರುತ್ತದೆ. ಆದರೂ ಎಲ್ಲೋ ಒಂದು ಕಡೆ ಕೈ ಅಲುಗಿದ್ದು ಕಾಣುತ್ತದೆ. ಮೂರನೆಯದರಲ್ಲಿ ಏಣು ಪಕ್ಕಕ್ಕೆ ಸರಿದಿರುವುದು, ಎರಡು ಬದಿ ಸಮ ಇಲ್ಲದಿರುವುದು ಮಾಮೂಲಿ. ಯಂತ್ರ ಕೊರೆದ ಹೊಸ ಅಲಗಿನಲ್ಲಿ ನಾಲ್ಕು ಮುಖಗಳೂ ಒಂದೇ ಅಳತೆ, ಗೆರೆಗಳೆಲ್ಲ ಒಂದೇ ದಿಕ್ಕು. ಅಗ್ಗದ ಪ್ರತಿಗಳಲ್ಲಿ ಇದಕ್ಕೆ ಉಲ್ಟಾ: ಏಣು ಮೊಂಡಾಗಿ, ಸವೆದ ಸೋಪಿನ ಹಾಗೆ ಇರುತ್ತದೆ.

ಅಲಗು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನದಾಗಿದ್ದರೆ ಯುದ್ಧಕಾಲದ್ದಲ್ಲ. ಅಸಲಿಯದು ಕಾರ್ಬನ್ ಉಕ್ಕು. ಅದಕ್ಕೆ ಕಾಲಕ್ರಮದಲ್ಲಿ ಬೂದು-ಕಪ್ಪು ಛಾಯೆ ಬರುತ್ತದೆ.

ಜೇಬಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆಯನ್ನೂ ಸತುವನ್ನೂ ಅದು ಎಳೆಯುವುದಿಲ್ಲ. ಎರಡನೇ ಮಾದರಿಯದ್ದೆಂದು ಹೇಳಿದ ಹಿಡಿಗೆ ಅದು ಗಟ್ಟಿಯಾಗಿ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ. ನಿಕಲ್ ಲೇಪ ತೆಳು, ಅದು ಅಷ್ಟು ಜೋರಾಗಿ ಎಳೆಯಲಾರದು.

ಅಸಲಿ ಹಿಡಿಯಿಂದ ಅಚ್ಚು ತೆಗೆದು ಹೊಯ್ದ ನಕಲುಗಳೂ ಇವೆ. ಇವನ್ನು ಹಿಡಿಯಲು ಭೂತಗನ್ನಡಿ ಬೇಕು. ಲೋಹ ತಣ್ಣಗಾದಾಗ ಕುಗ್ಗುತ್ತದೆ. ಆದ್ದರಿಂದ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಉಂಗುರಗಳ ಅಂಚು ಮೊಂಡಾಗುತ್ತದೆ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಮೂರನೇ ಮಾದರಿಯ ಹಲವು ಹಿಡಿಗಳಲ್ಲಿ 1ರಿಂದ 4ರೊಳಗಿನ ಒಂದು ಪುಟ್ಟ ಅಚ್ಚಿನ ಅಂಕಿ ಉಬ್ಬಿರುತ್ತದೆ. ನಕಲಿನಲ್ಲಿ ಆ ಅಂಕಿ ಕರಗಿದಂತೆ ಮಸುಕಾಗಿರುತ್ತದೆ.

ಸವೆತ, ತುಕ್ಕು, ಒರೆ

ಕೈ ತಾಗುವ ಕಡೆ ಸವೆಯಬೇಕು, ತಾಗದ ಕಡೆ ಉಳಿಯಬೇಕು. ಚೌಕಳಿಯ ತುದಿಗಳಲ್ಲಿ ಬಣ್ಣ ಹೋಗಿ, ಸಂದಿಗಳಲ್ಲಿ ಉಳಿದಿದ್ದರೆ ಸರಿ. ಎರಡೂ ಕಡೆ ಒಂದೇ ಸಮ ಹೋಗಿದ್ದರೆ ಯಾರೋ ಆಮ್ಲದಲ್ಲಿ ಅದ್ದಿರಬಹುದು ಅಥವಾ ಉಜ್ಜಿರಬಹುದು. ಹಾಗೇ ಅಲಗಿನ ತುಂಬ ಕಿತ್ತಳೆ ಬಣ್ಣದ ಪುಡಿ ತುಕ್ಕು ಕಂಡರೆ ಅದು ಇತ್ತೀಚಿನದು. ಹಳೆಯ ತುಕ್ಕು ಕಪ್ಪಾಗಿ, ಲೋಹದೊಳಗೆ ಇಳಿದಿರುತ್ತದೆ. ಹಿಡಿಯ ತುದಿಯ ನಟ್ ಕೂಡ ನೋಡಿ. ಹಳೆಯ ಚಾಕುವಿನಲ್ಲಿ ಅದರ ಮೇಲೆ ಹೊಳೆಯುವ ಹೊಸ ಗೀರುಗಳಿದ್ದರೆ ಯಾರೋ ಬಿಚ್ಚಿ ಜೋಡಿಸಿದ್ದಾರೆ.

ಒರೆಯನ್ನು ಬಹಳ ಜನ ಸುಮ್ನೆ ಪಕ್ಕಕ್ಕಿಡುತ್ತಾರೆ. ತಪ್ಪು. ಚರ್ಮದ ಒರೆ, ತುದಿಗೆ ಲೋಹದ ಕವಚ, ಹಿಡಿ ಹಿಡಿದಿಡಲು ಎಲಾಸ್ಟಿಕ್ ಪಟ್ಟಿ, ಬಟ್ಟೆಗೆ ಹೊಲಿಯಲು ನಾಲ್ಕು ಚರ್ಮದ ಕಿವಿಗಳು. ಕಿವಿಗಳನ್ನು ಎಷ್ಟೋ ಸೈನಿಕರು ಕತ್ತರಿಸಿ ಹಾಕಿದ್ದರು, ಇಲ್ಲದಿದ್ದರೆ ಚಿಂತೆ ಇಲ್ಲ. ಹಿತ್ತಾಳೆ ಚರ್ಮಕ್ಕೆ ತಾಗುವ ಕಡೆ ಹಸಿರು ಕಿಲುಬು ಕಟ್ಟಿರುವುದು ಒಳ್ಳೆಯ ಲಕ್ಷಣ. ಹೊಲಿಗೆಯ ದಾರಕ್ಕೆ ನೇರಳಾತೀತ ಟಾರ್ಚ್ ಹಿಡಿಯಿರಿ. ನೀಲಿ-ಬಿಳಿಯಾಗಿ ಪ್ರಕಾಶಿಸಿದರೆ ಅದರಲ್ಲಿ ಯುದ್ಧದ ನಂತರ ಬಳಕೆಗೆ ಬಂದ ಬಿಳುಪುಕಾರಕ ಇದೆ. ಆದರೆ ಯಾರಾದರೂ ಸೋಪಿನ ಪುಡಿಯಲ್ಲಿ ತೊಳೆದಿದ್ದರೂ ಹಾಗೇ ಕಾಣುತ್ತದೆ, ಅದನ್ನೊಂದೇ ನೆಚ್ಚಿ ತೀರ್ಮಾನ ಮಾಡಬೇಡಿ.

ಕೊನೆಗೆ ಮುದ್ರೆ

ಮೊದಲ ಮಾದರಿಯ ಬರಹ ಆಮ್ಲದಲ್ಲಿ ಕೊರೆದದ್ದು, ಆಳ ಕಡಿಮೆ. ಅಲಗು ಹತ್ತಾರು ಸಲ ಮಸೆದು ಸಣ್ಣಗಾಗಿದ್ದು, ಬುಡವೂ ಉಜ್ಜಿ ನುಣುಪಾಗಿದ್ದು, ಬರಹ ಮಾತ್ರ ನಿನ್ನೆ ಕೊರೆದಂತಿದ್ದರೆ ಅನುಮಾನ ಪಡಿ. ಲೇಸರ್‌ನಲ್ಲಿ ಕೊರೆದ ಅಕ್ಷರದ ತಳದಲ್ಲಿ ಸಾಲು ಸಾಲು ಸಣ್ಣ ಗೆರೆಗಳು ಕಾಣುತ್ತವೆ.

ಮೂರನೇ ಮಾದರಿಯಲ್ಲಿ ಕಂಪನಿಯ ಹೆಸರು ಇಲ್ಲದಿರುವುದೇ ಸಾಮಾನ್ಯ. ‘ಇಂಗ್ಲೆಂಡ್’ ಎಂಬ ಮುದ್ರೆ ಇದ್ದರೆ ಅದು ಸಾಮಾನ್ಯವಾಗಿ ಯುದ್ಧಾನಂತರ ಮಾರಾಟಕ್ಕೆಂದು ಮಾಡಿದ್ದು. ಅದು ನಕಲಿ ಅಲ್ಲ, ಆದರೆ ಯುದ್ಧಕಾಲದ ಬೆಲೆ ಅದಕ್ಕಿಲ್ಲ. ಎರಡನೇ ಮಾದರಿಯ ಗಾರ್ಡ್ ಮೇಲಿನ ‘ಬಿ2’ ಮತ್ತು ಬಾಣದ ಗುರುತಿಗೆ ಸಂಗ್ರಹಕಾರರಲ್ಲಿ ತುಂಬಾ ಬೇಡಿಕೆ. ಬೇಡಿಕೆ ಇರುವ ಕಡೆಯೇ ಹೊಸ ಮುದ್ರೆ ಬೀಳುವುದು. ಸೈನಿಕನ ಹೆಸರು, ದಳದ ಹೆಸರು ಕೆತ್ತಿದ್ದರೆ ಅದಕ್ಕೆ ಕಾಗದಪತ್ರ ಕೇಳಿ. ಕಾಗದ ಇಲ್ಲದಿದ್ದರೆ ಕೆತ್ತನೆಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ನಮ್ಮ ದೇಶದಲ್ಲಿ ಇದ್ದುಕೊಂಡು ವಿದೇಶದಿಂದ ತರಿಸಲು ಹೊರಟವರಿಗೆ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಶಸ್ತ್ರ ಆಮದಿಗೆ ಪರವಾನಗಿ ಬೇಕು. 2016ರ ನಿಯಮಗಳು ಕಠಾರಿಗಳನ್ನೂ ಶಸ್ತ್ರಗಳ ಪಟ್ಟಿಯಲ್ಲಿ ಸೇರಿಸಿವೆ. ದುಡ್ಡು ಕಳಿಸುವ ಮೊದಲೇ ಪೊಲೀಸ್ ಇಲಾಖೆಯಲ್ಲಿ ವಿಚಾರಿಸಿ. ಕೈಗೆ ಸಿಗುವ ತನಕ ಅಸಲಿಗಳ ಚಿತ್ರಗಳನ್ನು ನೋಡುತ್ತಾ ಕಣ್ಣು ಪಳಗಿಸಬಹುದು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ಸಂಗ್ರಹವನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು.