ಪರದೆಯ ಪಟ್ಟಿಯಲ್ಲಿ ಇಲ್ಲದ ಮೂರನೆಯ ಹೆಸರು

ಟಿವಿಯ ಗಾಯನ ಸ್ಪರ್ಧೆಯೊಂದರಲ್ಲಿ ಹಾಡು ಮುಗಿಯುತ್ತಲೇ ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಇಷ್ಟು ಹಳೆಯ ಹಾಡನ್ನು ಎಷ್ಟು ಹೊಸದಾಗಿ ಕಂಡಿದ್ದೀಯಪ್ಪಾ!" ಎಂದರು. ಹುಡುಗ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಕೀಬೋರ್ಡಿನ ಹಿಂದೆ ಕುಳಿತಿದ್ದ ನನಗೆ ತಲೆಯೆತ್ತಲು ಆಗಲಿಲ್ಲ. ಆ ಹೊಸತನ ಅವನದಾಗಿರಲಿಲ್ಲ, ನನ್ನದೂ ಆಗಿರಲಿಲ್ಲ. ಯಾರೋ ಒಬ್ಬರು ಒಂಟಿಯಾಗಿ ಧ್ವನಿಮುದ್ರಿಸಿ ಅಂತರಜಾಲಕ್ಕೆ ಹಾಕಿದ್ದ ಕವರ್ ಅದು, ಅಂದರೆ ಬೇರೆಯವರ ಹಾಡನ್ನು ತಮ್ಮ ರೀತಿಯಲ್ಲಿ ಮತ್ತೆ ಹಾಡಿದ ರೂಪ. ಬೇಸ್ ಗಿಟಾರಿನ ನಡೆಯಿಂದ ಹಿಡಿದು ಎರಡನೆಯ ಚರಣಕ್ಕೆ ಮುಂಚಿನ ಮೌನದವರೆಗೆ ಎಲ್ಲವನ್ನೂ ಕೇಳಿ ಕೇಳಿ ವಾದ್ಯದವರಿಗೆ ಬರೆದುಕೊಟ್ಟವನು ನಾನೇ. ಪರದೆಯ ಕೆಳಗೆ ಎರಡು ಹೆಸರುಗಳು ಹಾದುಹೋದವು: ಸಾಹಿತ್ಯ ಬರೆದವರದು, ಸಂಗೀತ ನೀಡಿದವರದು.

ಅರೇಂಜ್‌ಮೆಂಟ್, ಅಂದರೆ ಹಾಡಿನ ಸುತ್ತ ಯಾವ ವಾದ್ಯ ಯಾವಾಗ ಏನು ನುಡಿಸಬೇಕೆಂಬ ಹೊಂದಿಕೆ, ಹಾಡಿಗೆ ತೊಡಿಸುವ ಬಟ್ಟೆ ಎಂದು ಹಲವರು ತಿಳಿದಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ರಾಗದ ಸಾಲೊಂದು ಗಾಂಧಾರದಲ್ಲಿ (ಗ) ನಿಂತಿದೆ ಎಂದುಕೊಳ್ಳಿ. ಕೆಳಗೆ ಸ, ಗ, ಪ ಮೂರನ್ನೂ ಒಟ್ಟಿಗೆ ನುಡಿಸಿದರೆ ಆ ಗಾಂಧಾರ ಬೆಳಗುತ್ತದೆ. ಗಾಯಕಿ ಅದೇ ಸ್ವರವನ್ನು ಹಿಡಿದಿರಲಿ, ಕೆಳಗಿನ ಪಂಚಮವನ್ನು (ಪ) ತೆಗೆದು ಮಂದ್ರದ, ಅಂದರೆ ಕೆಳಸ್ಥಾಯಿಯ, ಧೈವತವನ್ನು (ಧ) ಇಡಿ. ಈಗ ನುಡಿಯುತ್ತಿರುವುದು ಧ, ಸ, ಗ. ಸಾಹಿತ್ಯ ಬದಲಾಗಿಲ್ಲ, ರಾಗ ಬದಲಾಗಿಲ್ಲ, ಆದರೂ ಸಂಭ್ರಮದ ಸಾಲು ಅಗಲಿಕೆಯ ಸಾಲಾಗಿಬಿಡುತ್ತದೆ. ಈ ಒಂದು ಸ್ವರವನ್ನು ಎಲ್ಲಿ ಇಡಬೇಕೆಂದು ಹುಡುಕುತ್ತ ಅರೇಂಜರ್ ಇಡೀ ರಾತ್ರಿ ಕಳೆದಿರುತ್ತಾನೆ. ತೀರ್ಪುಗಾರರು "ಹೊಸದಾಗಿ ಕಂಡಿದ್ದೀಯ" ಎಂದು ಮೆಚ್ಚುವುದು ಬಹುಪಾಲು ಇದನ್ನೇ.

ಹೆಸರು ಕಳೆದುಹೋಗುವುದು ವೇದಿಕೆಯ ಮೇಲಲ್ಲ, ಅದಕ್ಕೂ ಎಷ್ಟೋ ದಿನ ಮೊದಲು. ಸ್ಪರ್ಧಿ ಒಂದು ಕೊಂಡಿ ಕಳುಹಿಸಿ "ಇದೇ ಥರ ಬೇಕು" ಎನ್ನುತ್ತಾನೆ. ನಿರ್ಮಾಣ ತಂಡ ಹಾಡಿನ ಹಕ್ಕುದಾರರಿಂದ ಅನುಮತಿ ಪಡೆಯಬೇಕಾದ್ದರಿಂದ ಮೂಲ ಕವಿ ಮತ್ತು ಸಂಗೀತಗಾರರ ಹೆಸರು ತಪ್ಪದೆ ದಾಖಲಾಗುತ್ತದೆ. ಕವರ್ ಮಾಡಿದವರಿಂದ ಅನುಮತಿ ಕೇಳುವ ಪದ್ಧತಿ ಇಲ್ಲ, ಹಾಗಾಗಿ ಅವರಿಗೆ ಹಾಳೆಯಲ್ಲಿ ಜಾಗವೂ ಇಲ್ಲ. ಆ ಕೊಂಡಿ ನನ್ನ ಮೊಬೈಲಿನಲ್ಲೇ ಉಳಿದುಬಿಡುತ್ತದೆ. ನಿರೂಪಕರ ಕೈಗೆ ಚೀಟಿ ಸೇರುವ ಹೊತ್ತಿಗೆ ಅಂಥವರೊಬ್ಬರು ಇದ್ದರೆಂಬುದೇ ಯಾರಿಗೂ ಗೊತ್ತಿರುವುದಿಲ್ಲ.

ದೊಡ್ಡ ವೇದಿಕೆಗಳಲ್ಲೂ ಬೇರೆಯವರು ಕೊಟ್ಟ ರೂಪವನ್ನೇ ಹಾಡುವುದುಂಟು. 2008ರ 'ಅಮೆರಿಕನ್ ಐಡಲ್' ಗಾಯನ ಸ್ಪರ್ಧೆಯಲ್ಲಿ ಡೇವಿಡ್ ಕುಕ್ ಹಾಡಿದ ಮೈಕಲ್ ಜಾಕ್ಸನ್ ಅವರ 'ಬಿಲ್ಲಿ ಜೀನ್', ರಾಕ್ ಗಾಯಕ ಕ್ರಿಸ್ ಕಾರ್ನೆಲ್ 2007ರಲ್ಲಿ ನಿಧಾನಗತಿಗೆ ಇಳಿಸಿದ್ದ ರೂಪ. ಮರುವರ್ಷ ಆಡಂ ಲ್ಯಾಂಬರ್ಟ್ ಅದೇ ವೇದಿಕೆಯಲ್ಲಿ 'ಮ್ಯಾಡ್ ವರ್ಲ್ಡ್' ಹಾಡಿದರು. 1982ರಲ್ಲಿ ಟಿಯರ್ಸ್ ಫಾರ್ ಫಿಯರ್ಸ್ ತಂಡ ಹಾಡಿದ್ದ ವೇಗದ ಹಾಡು ಅದು. ಅದನ್ನು ಪಿಯಾನೋದ ಮೇಲೆ ಪಿಸುಮಾತಿನಂತೆ ಮಾಡಿದವರು ಮೈಕಲ್ ಆಂಡ್ರ್ಯೂಸ್ ಮತ್ತು ಗ್ಯಾರಿ ಜೂಲ್ಸ್, 2001ರ ಒಂದು ಚಲನಚಿತ್ರಕ್ಕಾಗಿ. ಇಬ್ಬರೂ ಗಾಯಕರು ಅದ್ಭುತವಾಗಿ ಹಾಡಿದರು, ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆ ಹಾಡುಗಳನ್ನು ಕತ್ತಲೆಯ ಕಡೆಗೆ ತಿರುಗಿಸಿದ ಕೈಗಳು ಬೇರೆಯವರವು.

ನನ್ನನ್ನು ಹೆಚ್ಚು ಕಾಡಿದ್ದು ಅಮೆರಿಕದ ಗಾಯಕ ಜೊನಾಥನ್ ಕೋಲ್ಟನ್ ಪ್ರಕರಣ. 2005ರಲ್ಲಿ ಅವರು ಸರ್ ಮಿಕ್ಸ್-ಅ-ಲಾಟ್ ಅವರ ಒಂದು ರ‍್ಯಾಪ್ ಹಾಡನ್ನು ತೆಗೆದುಕೊಂಡು ಗಿಟಾರಿನೊಂದಿಗೆ ಮೆಲುವಾಗಿ ಹಾಡಿದರು. ಅದು ಮಾತಿನ ಲಯದಲ್ಲಿ ಸಾಗುವ ಹಾಡು, ಅಲ್ಲಿ ಹಾಡಿಕೊಳ್ಳುವಂಥ ರಾಗವೇ ಇರಲಿಲ್ಲ. ಕೋಲ್ಟನ್ ಹೊಸ ರಾಗವನ್ನೇ ಕಟ್ಟಿದರು. 2013ರಲ್ಲಿ 'ಗ್ಲೀ' ಎಂಬ ಧಾರಾವಾಹಿ (ಅದು ಸ್ಪರ್ಧೆಯಲ್ಲ, ಸ್ಪರ್ಧಿಸುವ ಗಾಯನ ತಂಡದ ಕಥೆ) ಅದೇ ರಾಗ, ಅದೇ ನಡೆಯಲ್ಲಿ ಆ ಹಾಡನ್ನು ಪ್ರಸಾರ ಮಾಡಿತು. ಮೂಲ ರ‍್ಯಾಪರ್ ತನ್ನ ಹೆಸರು ಹೇಳಿಕೊಳ್ಳುವ ಜಾಗದಲ್ಲಿ ಕೋಲ್ಟನ್ 'ಜಾನಿ ಸಿ' ಎಂದು ತಮ್ಮನ್ನು ಸೇರಿಸಿಕೊಂಡಿದ್ದರು. ಧಾರಾವಾಹಿಯ ಗಾಯಕರು ಆ ಮಾತನ್ನೂ ಹಾಗೆಯೇ ಹಾಡಿದರು. ಹಾಡಿನೊಳಗೆ ಅವರ ಹೆಸರಿತ್ತು, ಹಾಡಿನ ಜೊತೆಗೆ ತೋರಿಸಲಿಲ್ಲ.

ಕಾನೂನು ಕೋಲ್ಟನ್ ಪರವಾಗಿರಲಿಲ್ಲ. ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯ 115ನೆಯ ಕಲಮಿನ ಪ್ರಕಾರ, ನಿಗದಿತ ಶುಲ್ಕ ತೆತ್ತು ಕವರ್ ಮಾಡುವವರು ಹಾಡನ್ನು ತಮ್ಮ ಶೈಲಿಗೆ ಹೊಂದಿಸಿಕೊಳ್ಳಬಹುದು. ಮೂಲ ಹಕ್ಕುದಾರರು ಸ್ಪಷ್ಟವಾಗಿ ಒಪ್ಪದ ಹೊರತು ಆ ಅರೇಂಜ್‌ಮೆಂಟಿಗೆ ಪ್ರತ್ಯೇಕ ಹಕ್ಕು ಹುಟ್ಟುವುದಿಲ್ಲ. ಈ ನಿಯಮದ ಹಿಂದಿನ ನ್ಯಾಯ ನನಗೆ ಅರ್ಥವಾಗುತ್ತದೆ. ಒಂದೇ ಹಾಡಿಗೆ ಹತ್ತು ಜನ ಒಡೆಯರಾದರೆ ಹನ್ನೊಂದನೆಯವನು ಹಾಡುವುದೇ ಕಷ್ಟ. ಆದರೆ ಹಣದ ಹಕ್ಕಿಲ್ಲ ಎಂಬುದನ್ನು ಹೆಸರಿನ ಹಕ್ಕೂ ಇಲ್ಲ ಎಂದು ಓದುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೆಸರು ಹೇಳಬೇಡಿ ಎಂದು ಆ ಕಲಮು ಎಲ್ಲೂ ಹೇಳುವುದಿಲ್ಲ.

ಹಾಗೆಂದು ಎಲ್ಲಕ್ಕೂ ಹೆಸರು ಹುಡುಕುತ್ತ ಕೂರಬೇಕಿಲ್ಲ. ಹಾಡನ್ನು ನಿಧಾನಗೊಳಿಸುವುದು, ಶ್ರುತಿ ಏರಿಸುವುದು, ಕೊನೆಯ ಪಲ್ಲವಿಗೆ ಡ್ರಮ್ಸ್ ನಿಲ್ಲಿಸುವುದು, ಇವು ಎಲ್ಲರ ಸೊತ್ತು. ನಾನು ಇಟ್ಟುಕೊಂಡಿರುವ ಪರೀಕ್ಷೆ ಸರಳವಾದದ್ದು: ಗಾಯಕರ ದನಿಯನ್ನು ಬದಿಗಿಟ್ಟು ವಾದ್ಯಗಳನ್ನಷ್ಟೇ ನುಡಿಸಿದಾಗ, ಬಲ್ಲವರೊಬ್ಬರು "ಇದು ಇಂಥವರ ಕವರ್ ಅಲ್ಲವೇ?" ಎಂದು ಕೇಳಿದರೆ ಅವರ ಹೆಸರು ಹೋಗಲೇಬೇಕು. ಒಬ್ಬರಿಂದ ಒಬ್ಬರಿಗೆ ದಾಟಿ ಬಂದ ಹಾಡುಗಳಲ್ಲಿ ಸ್ವಲ್ಪ ತೊಡಕು. ಲೆನರ್ಡ್ ಕೋಹೆನ್ 1984ರಲ್ಲಿ ಹೊರತಂದ 'ಹಲೆಲೂಯ'ವನ್ನು 1991ರಲ್ಲಿ ಜಾನ್ ಕೇಲ್ ಪಿಯಾನೋದ ಮೇಲೆ ಹೊಸದಾಗಿ ಹಾಡಿದರು, ಅದನ್ನು ಕೇಳಿದ ಜೆಫ್ ಬಕ್ಲಿ 1994ರಲ್ಲಿ ಗಿಟಾರಿಗೆ ತಂದರು. ಅಲ್ಲಿ ನಾನು ಯಾರ ರೂಪವನ್ನು ಎದುರಿಗಿಟ್ಟುಕೊಂಡು ಬರೆದೆನೋ ಅವರ ಹೆಸರು ಕೊಡುತ್ತೇನೆ. ಕೇಳುಗರಿಗೆ ಇದೆಲ್ಲ ಬೇಕಿಲ್ಲ ಎನ್ನುವುದೂ ಸುಳ್ಳು. 2008ರಲ್ಲಿ ಬ್ರಿಟನ್ನಿನ 'ದಿ ಎಕ್ಸ್ ಫ್ಯಾಕ್ಟರ್' ಗಾಯನ ಸ್ಪರ್ಧೆ ಗೆದ್ದ ಅಲೆಕ್ಸಾಂಡ್ರಾ ಬರ್ಕ್ ಅವರ 'ಹಲೆಲೂಯ' ಕ್ರಿಸ್ಮಸ್ ವಾರದ ಹಾಡುಗಳ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ, ಅಭಿಮಾನಿಗಳು ಪಟ್ಟುಹಿಡಿದು ಬಕ್ಲಿಯ ಹಾಡನ್ನು ಅದೇ ವಾರ ಎರಡನೆಯ ಸ್ಥಾನಕ್ಕೆ ತಂದರು.

ಆ ಹುಡುಗನ ಕಂತಿನ ನಂತರ ನಾನು ನನ್ನ ಹಾಳೆಯಲ್ಲಿ ಮೂರನೆಯ ಅಂಕಣ ಎಳೆದಿದ್ದೇನೆ: 'ಅರೇಂಜ್‌ಮೆಂಟ್ ಆಧಾರ'. ಸ್ಪರ್ಧಿ ಕೊಂಡಿ ಕಳುಹಿಸಿದ ದಿನವೇ ಅದನ್ನು ತುಂಬುತ್ತೇನೆ. ಅದು ಖಾಲಿ ಇದ್ದರೆ ವಾದ್ಯದವರಿಗೆ ಹಾಳೆ ಹಂಚುವುದಿಲ್ಲ. ಸ್ಪರ್ಧಿಗಳಿಗೆ ಮೊದಮೊದಲು ಅಳುಕು, ಹೆಸರು ಹೇಳಿದರೆ ಅಂಕ ಕಡಿಮೆಯಾದೀತೆಂದು. ಆ ಅಳುಕನ್ನು ನಾನು ತಳ್ಳಿಹಾಕುವುದಿಲ್ಲ. ಅವರ ಭವಿಷ್ಯ ನಿಂತಿರುವುದು ಆ ಎರಡು ನಿಮಿಷದ ಮೇಲೆ.

ಈಚೆಗೆ ಒಬ್ಬಳು ಹುಡುಗಿ ತಾನೇ ಹೇಳುತ್ತೇನೆಂದಳು. ಮೈಕ್ ಹಿಡಿದು ಹಾಡಿನ ಹೆಸರು ಹೇಳಿದಳು, ಬರೆದವರ ಹೆಸರು ಹೇಳಿದಳು, ಆಮೇಲೆ "ಈ ರೂಪ ಕೊಟ್ಟವರು" ಎಂದು ಇನ್ನೊಂದು ಹೆಸರು ಸೇರಿಸಿದಳು. ನಾಲ್ಕು ಸೆಕೆಂಡು ಹಿಡಿಯಿತು. ಹಾಡು ಮುಗಿದ ಮೇಲೆ ತೀರ್ಪುಗಾರರು ಹೊಸತನದ ಮಾತೆತ್ತಲಿಲ್ಲ. ಚರಣದ ಕೊನೆಯ ಉದ್ದ ಸಾಲನ್ನು ನಡುವೆ ಉಸಿರು ತೆಗೆದುಕೊಳ್ಳದೆ ಹೇಗೆ ದಾಟಿದೆ ಎಂದು ಕೇಳಿದರು. ಅವಳು ಅದೇ ಸಾಲನ್ನು ವಾದ್ಯಗಳಿಲ್ಲದೆ ಮತ್ತೊಮ್ಮೆ ಹಾಡಿ ತೋರಿಸಿದಳು.